ಹಿಟ್ಟು ಮೆತ್ತಿದ ಸ್ವಿಚ್

"ಒಂಬತ್ತನೇ ಕ್ಲಾಸು ದಾಟದವನ ಕೈಗೆ ಕರೆಂಟ್ ಕೆಲಸ ಕೊಟ್ಟೆ ನೋಡಿ, ನನ್ನ ಚಪ್ಪಲೀಲಿ ನಾನೇ ಹೊಡ್ಕೋಬೇಕು!"

ನನ್ನ ಸೋದರಮಾವ ಐತಪ್ಪ ಗಲ್ಲಾದ ಹಿಂದೆ ನಿಂತು ಹೀಗೆ ಕೂಗಿದಾಗ ಹೋಟೆಲಿನಲ್ಲಿ ಒಂದು ಟೇಬಲ್ಲೂ ಖಾಲಿ ಇರಲಿಲ್ಲ. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ದಿಲ್ಲಿ ಪಕ್ಕದ ಈ ಇಂದಿರಾಪುರಂನ ಅರ್ಧ ಜನ ಆ ಹೊತ್ತಿಗೆ ಮಸಾಲೆ ದೋಸೆಗೆ ಬಂದು ಕೂತಿರುತ್ತಾರೆ. ಕನ್ನಡ ಬಾರದವರಿಗೆ ನಷ್ಟವಾಗಬಾರದಲ್ಲ, ಮಾವ ಅದನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದರು. "ನೌವೀ ಫೇಲ್ ಹೈ ಜೀ, ನೌವೀ ಫೇಲ್!"

ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಯಾರೋ ನಕ್ಕರು. ಚಟ್ನಿ ಬಡಿಸುತ್ತಿದ್ದವನು ಸೌಟು ಎತ್ತಿ ಹಿಡಿದು ಹಾಗೆಯೇ ನಿಂತ.

ನಾನು ಫೇಲಾಗಿರಲಿಲ್ಲ. ನನ್ನನ್ನು ಶಾಲೆ ಬಿಡಿಸಿದ್ದು. ಬಿಡಿಸಿದವರು ಇದೇ ಮಾವ.

ಆ ಬೆಳಿಗ್ಗೆ ಆಗಿದ್ದಿಷ್ಟು. ಮಾನೇಸರ್‌ನಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಮಾವ ದಿನಾ ಇಡ್ಲಿ, ವಡೆ ಒಯ್ಯುತ್ತಾರೆ. ಮಧ್ಯಾಹ್ನ, ಗುರುಗ್ರಾಮದಲ್ಲಿ ವಾರವಿಡೀ ತೆರೆದಿರುವ ಆಫೀಸುಗಳಿಗೆ ಊಟ. ಅದಕ್ಕೆಂದೇ ಎಲೆಕ್ಟ್ರಿಕ್ ಕಾರು ಕೊಂಡರು. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಅದಕ್ಕೆ ಚಾರ್ಜರ್ ಹಾಕಿ ಮೂರು ವಾರವಾಗಿತ್ತು, ಹಾಕಿದವನು ನಾನು. ರಾತ್ರಿ ಹನ್ನೊಂದಕ್ಕೆ ಹೋಟೆಲ್ ಮುಚ್ಚುವಾಗ ಮಾವ ಪ್ಲಗ್ ಚುಚ್ಚಿ ಮಹಡಿಯ ಮನೆಗೆ ಹೋದರೆ, ಬೆಳಿಗ್ಗೆ ಐದೂವರೆಗೆ ಬ್ಯಾಟರಿ ತುಂಬಿರಬೇಕು. ತುಂಬುತ್ತಿರಲಿಲ್ಲ. ಮೂವತ್ತೈದು ಪರ್ಸೆಂಟು, ನಲವತ್ತು, ಅಷ್ಟೇ. ಆ ಶನಿವಾರ ಇಪ್ಪತ್ತೆಂಟು. ಮಾವ ಹೆದರಿ ದಾರಿಯಲ್ಲಿ ಗುರುಗ್ರಾಮದ ಮಾಲ್ ಒಂದರ ಚಾರ್ಜಿಂಗ್ ಸ್ಟೇಷನ್‌ಗೆ ಕಾರು ತಿರುಗಿಸಿದರು. ಅಲ್ಲಿ ಸಾಲು. ಕಾರ್ಖಾನೆ ಮುಟ್ಟುವಾಗ ಶಿಫ್ಟ್ ಶುರುವಾಗಿತ್ತು, ಇಡ್ಲಿ ತಣ್ಣಗಾಗಿತ್ತು. ಕ್ಯಾಂಟೀನ್ ಮ್ಯಾನೇಜರ್ ಗೇಟಿನಲ್ಲೇ ಮಾವನಿಗೆ ಬಾಯಿಗೆ ಬಂದಂತೆ ಬೈದು ಕಳಿಸಿದ್ದ. ಆ ಬೈಗುಳವನ್ನು ಅರವತ್ತೈದು ಕಿಲೋಮೀಟರ್ ಬಿಸಿಬಿಸಿಯಾಗಿ ಹೊತ್ತು ತಂದು ಈಗ ನನ್ನ ತಲೆಯ ಮೇಲೆ ಸುರಿಯುತ್ತಿದ್ದರು.

"ಮಾಲ್‌ನಲ್ಲಿ ಒಂದೇ ಗಂಟೇಲಿ ಎಂಬತ್ತಕ್ಕೆ ಹೋಯ್ತು ಕಣೋ. ಇಲ್ಲಿ ಇಡೀ ರಾತ್ರಿ ಚುಚ್ಚಿಟ್ರೂ ಅದರ ಅರ್ಧಾನೂ ಇಲ್ಲ. ನೀನು ಹಾಕಿದ್ದು ಚಾರ್ಜರ್ರಾ, ಇಲ್ಲಾ ನಂದಾದೀಪಾನಾ?"

"ಮಾವ, ಅಲ್ಲಿನ ರೀತಿ ಬೇರೆ, ಇಲ್ಲಿನ ರೀತಿ ಬೇರೆ."

"ಅಚ್ಛಾ? ಹೇಳಪ್ಪಾ ಪ್ರೊಫೆಸರ್ರೇ."

ನಾನು ಹೇಳಿದೆ. ಅವರಿಗೆ ತಿಳಿಯುವ ಮಾತಿನಲ್ಲೇ ಹೇಳಿದೆ. "ಬ್ಯಾಟರಿ ಅಕ್ಕಿ ತಿನ್ನಲ್ಲ ಮಾವ, ಅದಕ್ಕೆ ಹಿಟ್ಟೇ ಬೇಕು. ನಮ್ಮ ಗೋಡೆಯಿಂದ ಬರೋ ಕರೆಂಟು ಅಕ್ಕಿ ಇದ್ದ ಹಾಗೆ. ಅದನ್ನ ರುಬ್ಬಿಕೊಳ್ಳೋಕೆ ಕಾರಿನೊಳಗೇ ಒಂದು ಸಣ್ಣ ಗ್ರೈಂಡರ್ ಇದೆ. ನಾವು ಎಷ್ಟೇ ಅಕ್ಕಿ ಸುರಿದ್ರೂ ಅದು ರುಬ್ಬೋ ಅಷ್ಟೇ ಒಳಗೆ ಹೋಗೋದು. ಮಾಲ್‌ನಲ್ಲಿ ಗ್ರೈಂಡರ್ ಹೊರಗಿದೆ, ಬೀರುವಿನಷ್ಟು ದೊಡ್ಡದು. ರುಬ್ಬಿದ ಹಿಟ್ಟನ್ನೇ ಸೀದಾ ಬ್ಯಾಟರಿಗೆ ಸುರೀತಾರೆ. ಅದಕ್ಕೇ ಅಲ್ಲಿ ಬೇಗ, ಇಲ್ಲಿ ನಿಧಾನ. ಆದ್ರೂ ಇಲ್ಲಿ ಆರು ಗಂಟೇಲಿ ತುಂಬಬೇಕು. ಯಾಕೆ ತುಂಬ್ತಿಲ್ಲ ಅಂತ ನೋಡ್ತೀನಿ."

"ಹಿಟ್ಟು ರುಬ್ಬೋನ ಬಾಯಲ್ಲಿ ಇನ್ನೇನು ಬರುತ್ತೆ, ಹಿಟ್ಟೇ ಬರೋದು!"

ಈ ಸಲ ನಗು ಎರಡು ಮೂರು ಕಡೆಯಿಂದ ಬಂತು.

ನಗದೆ ಕೂತಿದ್ದವರು ಸುಬೇದಾರ್ ಬೊಳ್ಳಪ್ಪನವರು. ಕೊಡಗಿನವರು, ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದು ನಿವೃತ್ತರಾದವರು. ನಮ್ಮ ಹೋಟೆಲಿನ ಎದುರಿನ ದೊಡ್ಡ ಅಪಾರ್ಟ್ಮೆಂಟ್ ಸೊಸೈಟಿಗೆ ಈಗ ಸೆಕ್ರೆಟರಿ. ಅಲ್ಲಿ ಹದಿನಾಲ್ಕು ಮನೆಯವರು ಎಲೆಕ್ಟ್ರಿಕ್ ಕಾರು ತಂದು, ಬೇಸ್‌ಮೆಂಟಿನಲ್ಲಿ ಚಾರ್ಜರ್ ಬೇಕು ಎಂದು ಕೂತಿದ್ದರು. ನಾನು ಗಲ್ಲಿಯಲ್ಲಿ ಪೈಪು ಕೂರಿಸುತ್ತಿದ್ದಾಗ ಬೊಳ್ಳಪ್ಪನವರು ಬೆನ್ನಿಗೆ ಕೈ ಕಟ್ಟಿಕೊಂಡು ನಿಂತು ಒಂದು ತಾಸು ನೋಡಿದ್ದರು. ಅರ್ಥಿಂಗ್ ಗುಂಡಿ ಎಷ್ಟು ಆಳ ಎಂದು ಕೇಳಿದ್ದರು. ಹೋಗುವಾಗ, "ಇದು ಒಂದು ತಿಂಗಳು ಸರಿಯಾಗಿ ನಡೀಲಿ ರಿತೇಶ್, ನಮ್ಮ ಹದಿನಾಲ್ಕೂ ನಿಂದೇ" ಎಂದಿದ್ದರು.

ಆ ಮಾತು ಕೇಳಿದಂದಿನಿಂದ ನನಗೆ ಬೇರೆ ಯೋಚನೆ ಇರಲಿಲ್ಲ. ಅದೊಂದು ಕೆಲಸ ಸಿಕ್ಕಿದರೆ ನನ್ನ ಹೆಸರಿನ ಹಿಂದೆ 'ಐತಪ್ಪನ ಅಕ್ಕನ ಮಗ' ಎನ್ನುವ ಬಾಲ ಇರುವುದಿಲ್ಲ.

ಬೊಳ್ಳಪ್ಪನವರು ಕಾಫಿ ಲೋಟ ಕೆಳಗಿಟ್ಟರು. ಅವರ ಜೊತೆ ಕಮಿಟಿಯ ಇಬ್ಬರು ಕೂತಿದ್ದರು. "ಐತಪ್ಪನವರೇ, ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಆದ್ರೆ ನಿಮ್ಮ ಬ್ಯಾಟರಿ ತುಂಬಿಲ್ಲ ಅನ್ನೋದೂ ಸುಳ್ಳಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನಾಳೆ ಹತ್ತಕ್ಕೆ ನಾನು ಇಲ್ಲೇ ಕಾಫಿ ಕುಡೀತೀನಿ. ಹನ್ನೊಂದಕ್ಕೆ ಕಮಿಟಿ ಮೀಟಿಂಗ್. ತಪ್ಪು ಎಲ್ಲಿದೆ ಅಂತ ಹುಡುಕಿ ಹೇಳು, ಕೆಲಸ ನಿಂದು. ಇಲ್ಲಾಂದ್ರೆ ಕಂಪನಿಯವರನ್ನ ಕರೀತೀವಿ. ಠೀಕ್ ಹೈ?"

"ಠೀಕ್ ಸರ್" ಎಂದೆ.

ಅಡುಗೆಮನೆಗೆ ಹೋದೆ. ಅಮ್ಮ ಗ್ರೈಂಡರ್ ಮುಂದೆ ಕೂತು ಉದ್ದಿನ ಹಿಟ್ಟು ಬಳಿಯುತ್ತಿದ್ದಳು. ಅವಳ ಹೆಸರು ಲೋಲಾಕ್ಷಿ. ಆ ಹೋಟೆಲಿನಲ್ಲಿ ಆ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲ ಕೇಳಿಸಿಕೊಂಡಿದ್ದಳು. ತಲೆ ಎತ್ತಲಿಲ್ಲ.

"ಮಾವನ ಎದುರು ಮಾತು ಬೇಡ ಮಗ. ಅವನ ನೆರಳಲ್ಲಿ ಇದ್ದೀವಿ."

"ನಾನು ಮಾತಾಡಿದ್ದು ಕರೆಂಟಿನ ಬಗ್ಗೆ."

"ಆ ಕಾರಿನ ಸಹವಾಸವೇ ಬೇಡ ನಿನಗೆ. ಬಿಟ್ಟುಬಿಡು."

ಅವಳು ಯಾವಾಗಲೂ ಹೀಗೆಯೇ. ಅಪ್ಪ ತೀರಿಹೋದ ಮೇಲೆ ನಮ್ಮಿಬ್ಬರನ್ನು ದಿಲ್ಲಿಗೆ ಕರೆದು ತಂದ ತಮ್ಮ ಅವಳಿಗೆ ದೇವರು. ನನ್ನನ್ನು ಇಲ್ಲಿಯ ಸರ್ಕಾರಿ ಶಾಲೆಗೆ ಹಾಕಿದರು. ಹಿಂದಿ ಒದ್ದಾಡಿ ಕಲಿತೆ. ಲೆಕ್ಕದಲ್ಲಿ ಕ್ಲಾಸಿಗೇ ಮೂರನೆಯವನಾಗಿದ್ದೆ. ಒಂಬತ್ತನೇ ಕ್ಲಾಸಿನ ನಡುವೆ ಹೋಟೆಲಿನ ಗ್ರೈಂಡರಿನವನು ಹೇಳದೆ ಕೇಳದೆ ಓಡಿಹೋದ. "ಒಂದು ವಾರ ಬಾರೋ" ಎಂದರು ಮಾವ. ಆ ವಾರ ಇನ್ನೂ ಮುಗಿದಿಲ್ಲ. ಆವತ್ತು ಅಮ್ಮನ ಮುಖ ನೋಡಿದ್ದೆ, ಬೇಡ ಎನ್ನುತ್ತಾಳೇನೋ ಎಂದು. ಅವಳು ನನ್ನ ಸ್ಕೂಲ್ ಬ್ಯಾಗನ್ನು ಅಕ್ಕಿ ಮೂಟೆಯ ಮೇಲೆ ಇಟ್ಟು, "ಕೈ ತೊಳ್ಕೊಂಡು ಬಾ" ಎಂದಳು.

ಹತ್ತೊಂಬತ್ತನೇ ವಯಸ್ಸಿಗೆ ನಾನೇ ಹೋಟೆಲ್ ಕೆಲಸ ಬಿಟ್ಟು ಹೊರಟೆ. ಗೋಪಿನಾಥ ಎಂಬ ಲೈಸೆನ್ಸ್ ಇರುವ ಮೇಸ್ತ್ರಿಯ ಕೈಕೆಳಗೆ ವೈರಿಂಗ್ ಕಲಿತೆ. ಈಗ ಎರಡು ವರ್ಷದಿಂದ ನೊಯ್ಡಾದ ಒಂದು ಚಾರ್ಜಿಂಗ್ ಸ್ಟೇಷನ್‌ನಲ್ಲಿ ಹಗಲು ಪಾಳಿ. ಅಲ್ಲಿಗೆ ಬರುವ ಓದಿದವರನ್ನು ನೋಡಬೇಕು ನೀವು. ಹತ್ತರಿಂದ ಎಂಬತ್ತರವರೆಗೆ ಕಾರು ಗಟಗಟ ಕುಡಿಯುತ್ತದೆ, ಒಂದು ಗಂಟೆಯೂ ಬೇಡ. ಎಂಬತ್ತು ದಾಟಿದರೆ ಬ್ಯಾಟರಿ ತಾನಾಗಿಯೇ ಬಾಯಿ ಸಣ್ಣ ಮಾಡಿಕೊಳ್ಳುತ್ತದೆ. ಕೊನೆಯ ಇಪ್ಪತ್ತಕ್ಕೆ ಮೊದಲಿನ ಎಪ್ಪತ್ತರಷ್ಟೇ ಹೊತ್ತು. ಇದನ್ನು ಎಷ್ಟು ಸಲ ಹೇಳಿದರೂ, ಎಸಿ ಹಾಕಿಕೊಂಡು ಕೂತ ಸಾಹೇಬರು ನೂರು ಆಗುವವರೆಗೆ ಏಳುವುದಿಲ್ಲ. ಹಿಂದೆ ಟ್ಯಾಕ್ಸಿಯವರು ಹಾರ್ನ್ ಹೊಡೆಯುತ್ತಿರುತ್ತಾರೆ. ಗಾಜು ತಟ್ಟಿದರೆ, "ನಿನಗೇನು ಗೊತ್ತು, ಪ್ಲಗ್ ಹಾಕೋದಷ್ಟೇ ನಿನ್ನ ಕೆಲಸ" ಎನ್ನುತ್ತಾರೆ. ನಿನಗೇನು ಗೊತ್ತು. ಈ ಮಾತನ್ನು ಎಲ್ಲಿ ಕೇಳಿಲ್ಲ ನಾನು!

ಆ ಶನಿವಾರ ಪಾಳಿಗೆ ರಜೆ ಹಾಕಿದೆ. ಮಾವ ಎರಡನೇ ಸುತ್ತು ಮುಗಿಸಿ ಬಂದು ಗಲ್ಲಿಯಲ್ಲಿ ಕಾರು ನಿಲ್ಲಿಸಿದ್ದೇ ತಡ, ಪ್ಲಗ್ ಚುಚ್ಚಿ ಕೂತೆ. ವೈರು ಬಿಸಿಯಾಗಲಿಲ್ಲ. ಮೀಟರ್ ಹಿಡಿದೆ, ಏಳು ಕಿಲೋವಾಟ್ ಅಲುಗಾಡದೆ ಬರುತ್ತಿತ್ತು. ಒಂದು ಗಂಟೆಯಲ್ಲಿ ಹದಿನೈದು ಪರ್ಸೆಂಟು ಏರಿತು. ಎಷ್ಟು ಏರಬೇಕೋ ಅಷ್ಟು. ಹಾಗಾದರೆ ಲೈನ್ ಸರಿ, ಚಾರ್ಜರ್ ಸರಿ, ಕಾರೂ ಸರಿ. ರಾತ್ರಿ ಮಾತ್ರ ಏನಾಗುತ್ತದೆ?

ಚಾರ್ಜರಿನ ಆ್ಯಪ್ ಇದ್ದದ್ದು ಮಾವನ ಮಗಳು ಶ್ರಾವ್ಯಾಳ ಫೋನಿನಲ್ಲಿ. ಹನ್ನೆರಡನೇ ಕ್ಲಾಸಿನವಳು. ಹೋಟೆಲಿನ ಮಹಡಿಯಲ್ಲೇ ಅವರ ಮನೆ. ಸೋದರತ್ತೆಯ ಮಗನನ್ನು ಬಾವ ಎನ್ನಬೇಕೆಂದು ಎಷ್ಟು ಹೇಳಿಕೊಟ್ಟರೂ ಅವಳಿಗೆ ನಾನು ಭಯ್ಯಾನೇ.

"ರಿತೇಶ್ ಭಯ್ಯಾ, ಯೇ ದೇಖೋ. ಡೈಲಿ ಸೇಮ್ ಇದೆ."

ನೋಡಿದೆ. ರಾತ್ರಿ ಹನ್ನೊಂದೂ ಐದಕ್ಕೆ ಚಾರ್ಜಿಂಗ್ ಶುರು. ಹನ್ನೊಂದೂ ಇಪ್ಪತ್ತೈದಕ್ಕೆ ಬಂದ್. ಬೆಳಿಗ್ಗೆ ನಾಲ್ಕೂ ನಲವತ್ತಕ್ಕೆ ಮತ್ತೆ ಶುರು. ಐದೂವರೆಗೆ ಮಾವ ಪ್ಲಗ್ ಕಿತ್ತಿದ್ದು. ಮೂರು ವಾರ, ಒಂದು ದಿನವೂ ತಪ್ಪಿಲ್ಲ. ಇಡೀ ರಾತ್ರಿಯಲ್ಲಿ ಕಾರಿಗೆ ಸಿಕ್ಕಿದ್ದು ಒಂದು ಗಂಟೆ ಹತ್ತು ನಿಮಿಷ.

"ಯಾರೋ ಆಫ್ ಮಾಡ್ತಿದ್ದಾರೆ" ಎಂದೆ.

"ಭೂತ್ ಹೋಗಾ" ಎಂದು ಶ್ರಾವ್ಯಾ ನಕ್ಕಳು. ನಾನು ನಗಲಿಲ್ಲ.

ಕೆಳಗಿಳಿದು ಹೋಟೆಲಿನ ಸ್ವಿಚ್ ಬೋರ್ಡಿನ ಮುಂದೆ ನಿಂತೆ. ಈ ಬೋರ್ಡಿಗೆ ಒಂದು ಕಥೆಯಿದೆ. ಮಾವನ ಮೊದಲ ಹೋಟೆಲು ಲಕ್ಷ್ಮೀನಗರದಲ್ಲಿತ್ತು. ಒಂದು ರಾತ್ರಿ ವೈರು ಸುಟ್ಟು ಅಡುಗೆಮನೆಯೇ ಹೊತ್ತಿ ಉರಿಯಿತು. ಒಳಗೆ ಮಲಗಿದ್ದ ಅಮ್ಮನ ಎಡಗೈ ಮೊಣಕೈವರೆಗೆ ಬೆಂದಿತ್ತು. ಅಂದಿನಿಂದ ಮಾವನ ಹೋಟೆಲಿನಲ್ಲಿ ಒಂದು ಕಟ್ಟುಪಾಡು: ಕೊನೆಗೆ ಹೊರಡುವವರು ಫ್ರಿಜ್ ಒಂದನ್ನು ಬಿಟ್ಟು ಎಲ್ಲ ಸ್ವಿಚ್ ಆರಿಸಿ, ಬೋರ್ಡಿಗೆ ಕೈ ಮುಗಿದು ಹೋಗಬೇಕು. ಅದು ನನಗೆ ಗೊತ್ತಿತ್ತು. ಅದಕ್ಕೇ ಕಾರಿನ ಲೈನನ್ನು ಫ್ರಿಜ್ಜಿನ ಪಕ್ಕಕ್ಕೆ ಬೇರೆಯಾಗಿ ತಂದು, ಕೆಳಗೆ ಚೀಟಿ ಅಂಟಿಸಿದ್ದೆ. ಕೆಲಸದವರಿಗೆ ಹಿಂದಿಯಲ್ಲಿ, ಅದರ ಕೆಳಗೆ ಕನ್ನಡದಲ್ಲಿ: 'ಕಾರು. ಆರಿಸಬೇಡಿ.'

ಕಾರಿನ ಸ್ವಿಚ್ಚಿನ ಮೇಲೆ ಬೆಳ್ಳಗೆ ಏನೋ ಒಣಗಿತ್ತು. ಉಗುರಿನಿಂದ ಕೆರೆದೆ. ದೋಸೆ ಹಿಟ್ಟು. ಒಂದು ದಿನದ್ದಲ್ಲ, ಪದರ ಪದರ.

ಹಿಟ್ಟಿನ ಕೈ ಎಂದರೆ ಯಾರು? ಕೆಲಸದವರು ಹತ್ತೂವರೆಗೇ ಹೊರಟುಬಿಡುತ್ತಾರೆ. ಮಾವ! ಹುಳಿ ಬಂದಿದೆಯಾ ಎಂದು ದಿನಾ ಹಿಟ್ಟಿನ ಪಾತ್ರೆಗೆ ಬೆರಳು ಅದ್ದಿ ನೋಡುವವರು ಅವರೇ. ಗಿರಾಕಿ ಎದ್ದ ಕೂಡಲೇ ಆ ಟೇಬಲ್ಲಿನ ಮೇಲಿನ ಫ್ಯಾನ್ ಆರಿಸುವವರೂ ಅವರೇ. ಕಾರಿಗೆ ಪ್ಲಗ್ ಚುಚ್ಚುತ್ತಾರೆ, ಹಳೆಯ ಚಾಳಿ ಬಿಡದೆ ಸ್ವಿಚ್ಚನ್ನೂ ಆರಿಸುತ್ತಾರೆ, ಬೆಳಿಗ್ಗೆ ಎದ್ದು ನನ್ನ ಜನ್ಮ ಜಾಲಾಡುತ್ತಾರೆ!

ಆ ಹಿಟ್ಟಿಗೆ ಕೈ ಹಾಕುವ ಇನ್ನೊಬ್ಬರು ಆ ಮನೆಯಲ್ಲಿದ್ದಾರೆ ಎಂದು ನನಗೆ ಹೊಳೆಯಲಿಲ್ಲವೇ? ಹೊಳೆದಿರಬಹುದು. ನನಗೆ ಮಾವನೇ ಬೇಕಿತ್ತು. ಅಡುಗೆಮನೆ ಹತ್ತು ಹೆಜ್ಜೆ ದೂರದಲ್ಲಿತ್ತು, ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಆ್ಯಪಿನ ಪಟ್ಟಿಯನ್ನು ನನ್ನ ಫೋನಿಗೆ ಹಾಕಿಸಿಕೊಂಡು ಹೊರಟೆ. ಎಲ್ಲರ ಎದುರು ಬೈದಿದ್ದಾರೆ, ಎಲ್ಲರ ಎದುರೇ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡೆ.

ಭಾನುವಾರ ಹತ್ತು ಗಂಟೆ. ಹೋಟೆಲು ಮತ್ತೆ ತುಂಬಿತ್ತು. ಬೊಳ್ಳಪ್ಪನವರು ಅದೇ ಟೇಬಲ್ಲು, ಜೊತೆಗೆ ಅದೇ ಇಬ್ಬರು.

ನಾನು ಗಲ್ಲಾದ ಮುಂದೆ ನಿಂತೆ. "ಮಾವ, ಸ್ವಲ್ಪ ಈಚೆ ಬನ್ನಿ."

"ಏನು, ಇವತ್ತು ಅಕ್ಕಿ ಪಾಠಾನಾ, ಬೇಳೆ ಪಾಠಾನಾ?"

"ಸ್ವಿಚ್ಚಿನ ಪಾಠ."

ಫೋನನ್ನು ಬೊಳ್ಳಪ್ಪನವರ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ನಾನು ಗಟ್ಟಿಯಾಗಿ, ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ ಹೇಳಿದೆ. ದಿನಾ ರಾತ್ರಿ ಹನ್ನೊಂದೂ ಇಪ್ಪತ್ತೈದಕ್ಕೆ ಬಂದ್, ಬೆಳಿಗ್ಗೆ ನಾಲ್ಕೂ ನಲವತ್ತಕ್ಕೆ ಚಾಲೂ. ಲೈನಿನಲ್ಲಿ ತಪ್ಪಿದ್ದರೆ ಗಡಿಯಾರ ನೋಡಿಕೊಂಡು ಕೆಡುತ್ತದೆಯೇ? ಬೇಕಾದರೆ ಈಗಲೇ ಗಲ್ಲಿಗೆ ಬನ್ನಿ, ಒಂದು ತಾಸಿನಿಂದ ಚಾರ್ಜ್ ಆಗುತ್ತಿದೆ, ನೀವೇ ನೋಡಿ.

"ಬಿಲ್‌ಕುಲ್ ಸಹೀ" ಎಂದರು ಬೊಳ್ಳಪ್ಪನವರು. "ಯಾರೋ ಆಫ್ ಮಾಡ್ತಾರೆ."

"ಯಾರೋ ಅಲ್ಲ ಸರ್. ಸ್ವಿಚ್ಚಿನ ಮೇಲೆ ದೋಸೆ ಹಿಟ್ಟು ಮೆತ್ತಿದೆ. ದಿನಾ ಹಿಟ್ಟಿಗೆ ಬೆರಳು ಹಾಕೋರು ಯಾರು, ಫ್ಯಾನ್ ಆರಿಸೋರು ಯಾರು, ಕೇಳಿ ಇವರನ್ನ! ತಾನೇ ಆರಿಸೋದು, ತಾನೇ ಬೈಯೋದು. ಒಂಬತ್ತನೇ ಕ್ಲಾಸು ದಾಟದವನು ನಾನು. ಚೀಟಿ ಓದೋಕೆ ಬರದೇ ಇರೋರು ಇವರು!"

ಯಾರೋ ನಕ್ಕರು. ಈ ಸಲ ನನಗಾಗಿ. ಮಾವನ ಮುಖ ಬಿಳಿಚಿತು. "ಇಲ್ಲ ಕಣೋ... ನಾನು ಮುಟ್ಟಿಲ್ಲ. ದೇವರಾಣೆ ಮುಟ್ಟಿಲ್ಲ" ಎಂದು ತಡವರಿಸಿದರು. ಹತ್ತು ವರ್ಷದಿಂದ ಈ ಮುಖ ನೋಡಬೇಕೆಂದು ಕಾದಿದ್ದೆ. ಸುಳ್ಳೇಕೆ, ಹಬ್ಬದೂಟ ಉಂಡಷ್ಟು ಖುಷಿಯಾಯಿತು.

"ಅವನಲ್ಲ. ನಾನು."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಎರಡೂ ಕೈಯಲ್ಲಿ ಹಿಟ್ಟು. ಅವಳು ಗಿರಾಕಿಗಳ ಎದುರು ಬಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ನೀನಾ?" ಎಂದರು ಮಾವ.

"ರಾತ್ರಿ ಹಿಟ್ಟು ಮುಚ್ಚಿಟ್ಟು ಹೋಗೋವಾಗ ಆರಿಸ್ತಿದ್ದೆ. ಬೆಳಿಗ್ಗೆ ಬಂದ ಕೂಡ್ಲೇ ಹಾಕ್ತಿದ್ದೆ. ಆವಾಗ ನಾನು ಕಣ್ಣೆದುರೇ ಇರ್ತೀನಲ್ಲ, ಹೊಗೆ ಬಂದ್ರೆ ಗೊತ್ತಾಗುತ್ತೆ."

"ಅಮ್ಮಾ, ಚೀಟಿ ಓದಲಿಲ್ವಾ ನೀನು?"

"ಓದ್ದೆ ಮಗ. ದಿನಾ ಓದ್ತಿದ್ದೆ." ಅವಳು ನನ್ನನ್ನು ಬಿಟ್ಟು ಬೊಳ್ಳಪ್ಪನವರಿಗೆ ಹೇಳತೊಡಗಿದಳು, ನನ್ನ ಪರವಾಗಿ ವಕಾಲತ್ತು ವಹಿಸಿದವಳಂತೆ. "ಇವನು ಮಾಡಿದ ಕೆಲಸ ಸಾರ್. ಓದಿದವನಲ್ಲ, ಇವನಿಗೇನು ಗೊತ್ತಾಗುತ್ತೆ? ಕೆಳಗೆ ಯಾರೂ ಇಲ್ಲದ ಹೊತ್ತಲ್ಲಿ ಅಷ್ಟೊಂದು ಕರೆಂಟು ಹರೀತಾ ಇರುತ್ತೆ. ಏನಾದ್ರೂ ಆದ್ರೆ ಇವನ ತಲೆಗೇ ಬರೋದಲ್ವಾ? ಇವನ ಒಳ್ಳೇದಕ್ಕೇ ಆರಿಸಿದ್ದು. ಕಂಪನಿಯವರು ಹಾಕಿದ್ದಿದ್ರೆ ನಾನ್ಯಾಕೆ ಮುಟ್ಟಲಿ?"

ಹಿಟ್ಟು ಮೆತ್ತಿದ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಸುಟ್ಟ ಕಲೆ ಇದ್ದ ಕೈ.

ಕಮಿಟಿಯ ಇಬ್ಬರಲ್ಲಿ ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಏನೋ ಕೇಳಿದ. ಅವನು ಹಿಂದಿಯಲ್ಲಿ ಹೇಳಿದ. ಪೂರ್ತಿ ಹೇಳಿದ. ನನಗೆ ಕೇಳಿಸಿತು. "ಮಾ ಕೋ ಭೀ ಭರೋಸಾ ನಹೀ." ಹೆತ್ತ ತಾಯಿಗೇ ಇವನ ಮೇಲೆ ನಂಬಿಕೆಯಿಲ್ಲ ಎಂದು.

ಬೊಳ್ಳಪ್ಪನವರು ಫೋನನ್ನು ನನ್ನ ಕಡೆ ಸರಿಸಿದರು. "ನಿನ್ನ ಲೈನ್ ಸರಿ ಇದೆ ರಿತೇಶ್. ಅದರಲ್ಲಿ ನನಗೆ ಡೌಟ್ ಇಲ್ಲ."

"ಹಾಗಾದ್ರೆ ಸರ್..."

"ಹದಿನಾಲ್ಕು ಮನೆಯವರು ರಾತ್ರಿ ಇದನ್ನ ಚುಚ್ಚಿಟ್ಟು ನಿದ್ದೆ ಮಾಡಬೇಕು ಮಗಾ. ಅವರಿಗೆ ನಾನು ಏನಂತ ಹೇಳಲಿ? ಈ ಇಬ್ಬರು ಇಲ್ಲೇ ಕೂತು ಕೇಳಿಸ್ಕೊಂಡಾಯ್ತು." ಎದ್ದು ನಿಂತರು. ನನ್ನ ಹೆಗಲ ಮೇಲೆ ಕೈ ಇಟ್ಟು ತೆಗೆದರು. "ಮುಂದೆ ಏನಾದ್ರೂ ಇದ್ರೆ ನೋಡೋಣ."

ಅವರು ಬಾಗಿಲು ದಾಟಿದರು. ಮಾವನ ಮುಖಕ್ಕೆ ಬಣ್ಣ ಮರಳಿ ಬಂತು. ಗಲ್ಲಾದ ಹಿಂದೆ ಹೋಗಿ ನಿಂತು ಎರಡೂ ಕೈ ಅಗಲಿಸಿದರು.

"ಕೇಳಿದ್ರಾ? ಹೆತ್ತವಳ ಬಾಯಿಂದ ಕೇಳಿದ್ರಾ? ನಿನ್ನೆ ನಾನು ಅಂದಿದ್ದೂ ಅದೇ ಅಲ್ವಾ?"

ಅಮ್ಮ ನನ್ನ ಹತ್ತಿರ ಬಂದಳು. ಅವಳಿಗೆ ಏನಾಯಿತೆಂದು ತಿಳಿದಿರಲಿಲ್ಲ. ನಿಜವಾಗಿಯೂ ತಿಳಿದಿರಲಿಲ್ಲ. ಬೊಳ್ಳಪ್ಪನವರು ಹೆಗಲು ತಟ್ಟಿದ್ದನ್ನು ನೋಡಿ, ಎಲ್ಲ ಸರಿಹೋಯಿತು ಎಂದುಕೊಂಡಂತಿತ್ತು.

"ತಪ್ಪು ನಿಂದಲ್ಲ ಅಂತ ಹೇಳಿದ್ರಲ್ಲ ಅವರು. ಆಯ್ತಲ್ಲ?" ಎಂದಳು. ನಾನು ನೋಡುತ್ತಲೇ ಇದ್ದೆ. "ಯಾಕೆ ಮಗ, ಸಿಟ್ಟಾ? ನಾನು ಮಾಡಿದ್ದು ತಪ್ಪಾ?"

ಅವಳ ಹಣೆಯ ಮೇಲೂ ಒಂದು ಬೆರಳಿನಷ್ಟು ಹಿಟ್ಟು ಹತ್ತಿತ್ತು. ಟೇಬಲ್ಲಿನ ಮೇಲಿನ ಫೋನ್ ತೆಗೆದು ಜೇಬಿಗೆ ಹಾಕಿದೆ. ಅಡುಗೆಮನೆ ಹಾದು ಹಿಂದಿನ ಬಾಗಿಲಿಂದ ಗಲ್ಲಿಗೆ ಇಳಿದೆ. ಚಾರ್ಜರಿನ ಮೇಲೆ ಹಸಿರು ದೀಪ ಮಿಣುಕುತ್ತಿತ್ತು. ಕಾರು ಅಕ್ಕಿ ರುಬ್ಬಿಕೊಳ್ಳುತ್ತ ಸಣ್ಣಗೆ ಗುಂಯ್‌ಗುಡುತ್ತಿತ್ತು.

ಒಳಗಿನಿಂದ ಮಾವ ಕೂಗಿದರು. "ಏಯ್ ರಿತೇಶ್, ಎಷ್ಟಾಗಿದೆ ನೋಡಿ ಹೇಳೋ, ಹನ್ನೆರಡಕ್ಕೆ ಹೊರಡಬೇಕು!"

ಅವರ ಹಿಂದೆಯೇ ಅಮ್ಮನ ದನಿ. "ಮಗಾ, ತಿಂಡಿ ತಿಂದು ಹೋಗೋ!"

ಗಲ್ಲಿಯ ತುದಿಯಲ್ಲಿ ಆಟೋದವರು ಕೂಗಾಡುತ್ತಿದ್ದರು. ನಾನು ಆ ಕಡೆಗೆ ನಡೆದೆ.